ಪ್ರೊಟೀನ್ ಲ್ಯಾಬಿನಲ್ಲಿ ದಿನವಿಡೀ ಏನು ಮಾಡ್ತಾರೆ? ಎಐ ಬಂದ ಮೇಲೆ ಅದರಲ್ಲಿ ಪಿಎಚ್‌ಡಿ ಮಾಡೋದು ವ್ಯರ್ಥವಾ?

ನೀವು ಕೇಳಿದ್ದು ಇಷ್ಟು. ತಂಗಿ ಬೀದರ್‌ನಲ್ಲಿ ಎಂ.ಎಸ್ಸಿ ಬಯೋಕೆಮಿಸ್ಟ್ರಿ ಮುಗಿಸಿದ್ದಾಳೆ, ಕಲಬುರಗಿಯಲ್ಲಿ ಪ್ರೊಟೀನ್ ಮೇಲೆ ಪಿಎಚ್‌ಡಿ ಮಾಡಲು ಸೀಟು ಸಿಕ್ಕಿದೆ, ಮನೆಯವರು ಬಿ.ಎಡ್ ಮಾಡು ಅನ್ನುತ್ತಿದ್ದಾರೆ. ನೀವು ನೊಬೆಲ್ ಸುದ್ದಿ ಓದಿ, ‘ಪ್ರೊಟೀನಿನ ಕೆಲಸವನ್ನೆಲ್ಲ ಈಗ ಕಂಪ್ಯೂಟರೇ ಮಾಡುತ್ತಂತಲ್ಲ, ಇವಳು ಐದು ವರ್ಷ ಅಲ್ಲಿ ಕೂತು ಏನು ಮಾಡ್ತಾಳೆ’ ಅಂತ ಕೇಳಿದ್ದೀರಿ.

ನಾನು ಕಲಬುರಗಿಯ ಒಂದು ವಿಶ್ವವಿದ್ಯಾಲಯದಲ್ಲಿ ಇದೇ ಕೆಲಸ ಮಾಡುತ್ತಿದ್ದೇನೆ. ನಾಲ್ಕನೇ ವರ್ಷ. ಊರು ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿ, ಅಪ್ಪನದು ತೊಗರಿ ಹೊಲ. ಉತ್ತರ ಉದ್ದ ಆಗುತ್ತೆ, ಯಾಕಂದ್ರೆ ಈಗ ಕಾಲಂ (ಪ್ರೊಟೀನುಗಳನ್ನು ಬೇರ್ಪಡಿಸುವ ಉದ್ದನೆಯ ಕೊಳವೆ) ಓಡುತ್ತಿದೆ, ಇನ್ನು ಎರಡು ಗಂಟೆ ನನಗೆ ಬೇರೆ ಕೆಲಸ ಇಲ್ಲ.

ಮೊದಲು ದಿನದ ಕೆಲಸ ಹೇಳ್ತೀನಿ. ಸಿನಿಮಾದಲ್ಲಿ ತೋರಿಸುವ ಹಾಗೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕೂರುವುದು ಏನೂ ಇಲ್ಲ. ನಾಲ್ಕು ವರ್ಷದಲ್ಲಿ ನಾನು ಅದನ್ನು ಮುಟ್ಟಿದ್ದು ಎರಡೋ ಮೂರೋ ಸಲ. ಬೆಳಗ್ಗೆ ಹೋದ ಕೂಡಲೇ ನಿನ್ನೆ ನೆನೆಹಾಕಿದ ಗಾಜಿನ ಸಾಮಾನು ತೊಳೆಯಬೇಕು. ಡಿಸ್ಟಿಲ್ಡ್ ವಾಟರ್ ಉಳಿದಿದೆಯಾ ನೋಡಬೇಕು, ಬಫರ್ (ಹುಳಿ-ಕ್ಷಾರದ ಮಟ್ಟ ಬದಲಾಗದ ಹಾಗೆ ಹಿಡಿದಿಡುವ ದ್ರಾವಣ) ಮಾಡಬೇಕು, ಆ ಮಟ್ಟ ಅಳೆಯುವ ಪಿಎಚ್ ಮೀಟರ್ ಜೊತೆ ಜಗಳ ಆಡಬೇಕು. ದ್ರಾವಣದ ಬಣ್ಣ ಎಷ್ಟು ಗಾಢ ಅಂತ ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್ ಇರುವುದು ಒಂದೇ, ಬಳಸುವವರು ಹನ್ನೊಂದು ಜನ, ಹಾಗಾಗಿ ರಿಜಿಸ್ಟರಿನಲ್ಲಿ ಹೆಸರು ಬರೆದು ಪಾಳಿ ಹಚ್ಚಬೇಕು, ರೇಷನ್ ಅಂಗಡಿ ಇದ್ದ ಹಾಗೇ. ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಎಲ್ಲರದೂ ಜೋಳದ ರೊಟ್ಟಿ, ಶೇಂಗಾ ಹಿಂಡಿ. ನಡುವೆ ಕೆಮಿಕಲ್ ತರಿಸಲು ಮೂರು ಕೊಟೇಶನ್, ಇಂಡೆಂಟ್, ಸಹಿ, ಮತ್ತೊಂದು ಸಹಿ. ಇದರ ಸಂದಿಯಲ್ಲಿ ವಿಜ್ಞಾನ.

ಆ ವಿಜ್ಞಾನ ಏನು ಅಂದ್ರೆ, ನಾನು ತೊಗರಿ ಬೀಜದಿಂದ ಒಂದು ಸಣ್ಣ ಪ್ರೊಟೀನನ್ನು ಬೇರ್ಪಡಿಸುತ್ತೇನೆ. ಟ್ರಿಪ್ಸಿನ್ ಇನ್ಹಿಬಿಟರ್ ಅಂತ, ಅಂದರೆ ಟ್ರಿಪ್ಸಿನ್ನನ್ನು ತಡೆಯುವಂಥದ್ದು. ಟ್ರಿಪ್ಸಿನ್ ಎಂದರೆ ಕರುಳಿನಲ್ಲಿ ಪ್ರೊಟೀನನ್ನು ತುಂಡು ಮಾಡುವ ಕತ್ತರಿ. ತೊಗರಿ, ಸೋಯಾ, ಕಡಲೆ ಎಲ್ಲವೂ ಆ ಕತ್ತರಿಯ ಬಾಯಿಗೆ ಸಿಕ್ಕಿಸಲು ಬೀಜದಲ್ಲಿ ಒಂದು ಬೆಣೆ ಇಟ್ಟುಕೊಂಡಿರುತ್ತವೆ, ತಮ್ಮನ್ನು ತಿನ್ನಲು ಬರುವ ಹುಳಕ್ಕೆ ಜೀರ್ಣ ಆಗಬಾರದು ಅಂತ. ನನ್ನದು ಬೌಮನ್-ಬರ್ಕ್ ಜಾತಿಯದು. ಬೌಮನ್ 1946ರಲ್ಲಿ ಇದನ್ನು ಸೋಯಾದಲ್ಲಿ ಗುರುತಿಸಿದರು, ಆಮೇಲೆ ಇಸ್ರೇಲಿನ ಯೆಹುದಿತ್ ಬರ್ಕ್ ಎಂಬ ವಿಜ್ಞಾನಿ ಶುದ್ಧ ಮಾಡಿದರು. ಇದಕ್ಕೆ ಎರಡು ತಲೆ. ಸೋಯಾದ್ದರಲ್ಲಿ ಒಂದು ತಲೆ ಟ್ರಿಪ್ಸಿನ್ ಹಿಡಿದರೆ ಇನ್ನೊಂದು ಕೈಮೋಟ್ರಿಪ್ಸಿನ್ ಅನ್ನುವ ಇನ್ನೊಂದು ಕತ್ತರಿಯನ್ನು ಹಿಡಿಯುತ್ತದೆ. ತೂಕ ಬರೀ 8,000 ಡಾಲ್ಟನ್ (ಅಣುಗಳ ತೂಕದ ಅಳತೆ) ಆಸುಪಾಸು, ಅದರೊಳಗೆ ಏಳು ಡೈಸಲ್ಫೈಡ್ ಬಂಧ, ಅಂದರೆ ಏಳು ಹೊಲಿಗೆ. ಇಷ್ಟು ಸಣ್ಣ ಚೀಲಕ್ಕೆ ಏಳು ಹೊಲಿಗೆ ಹಾಕಿದರೆ ಅದು ಸುಲಭಕ್ಕೆ ಬಿಚ್ಚಲ್ಲ ಅಲ್ವಾ?

ಅದನ್ನೇ ನಾವು ಉಪಯೋಗಿಸಿಕೊಳ್ಳುತ್ತೇವೆ. ತೊಗರಿ ಹಿಟ್ಟಿನ ಜಿಡ್ಡು ತೆಗೆದು, ಬಫರಿನಲ್ಲಿ ರಾತ್ರಿಯಿಡೀ ತಿರುವಿ, ಮಲ್ ಬಟ್ಟೆಯಲ್ಲಿ ಸೋಸಿ, ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಗರಗರ ತಿರುಗಿಸಿ, ಬಂದ ತಿಳಿಯನ್ನು 70 ಡಿಗ್ರಿಗೆ ಹತ್ತು ನಿಮಿಷ ಕಾಯಿಸಿದರೆ ಬೇರೆ ಪ್ರೊಟೀನುಗಳು ಹಾಲು ಒಡೆದ ಹಾಗೆ ಒಡೆದು ತಳಕ್ಕೆ ಬೀಳುತ್ತವೆ, ನನ್ನದು ಏನೂ ಆಗದವರ ಹಾಗೆ ನೀರಲ್ಲೇ ನಿಂತಿರುತ್ತದೆ. ಮೊದಲ ಸಲ ನೋಡಿದಾಗ ನಿಜಕ್ಕೂ ಖುಷಿಯಾಗಿತ್ತು. ಆಮೇಲೆ ಅಮೋನಿಯಂ ಸಲ್ಫೇಟ್ ಹಾಕಬೇಕು. ಹೌದು, ಹೊಲಕ್ಕೆ ಹಾಕುವ ಅದೇ ಗೊಬ್ಬರ, ನಮ್ಮದು ಸ್ವಲ್ಪ ಚೊಕ್ಕ ಮಾಲು. ಒಂದು ಲೀಟರಿಗೆ ಅರ್ಧ ಕಿಲೋಗಿಂತ ಜಾಸ್ತಿ ಹಿಡಿಯುತ್ತದೆ. ಐಸ್ ಮೇಲೆ ಬೀಕರ್ ಇಟ್ಟು, ಚಮಚ ಚಮಚ ಹಾಕುತ್ತಾ ಒಂದು ಗಂಟೆ ನಿಲ್ಲಬೇಕು. ಅವಸರ ಮಾಡಿದರೆ ನೊರೆ ಬರುತ್ತೆ, ಪ್ರೊಟೀನ್ ಕೆಡುತ್ತೆ. ಪ್ರೊಟೀನ್ ಬಿಳಿ ಮಂಜಿನ ಹಾಗೆ ಕೆಳಗಿಳಿಯುತ್ತದೆ. ಅದನ್ನು ಮತ್ತೆ ಕರಗಿಸಿ, ಉಪ್ಪು ಹೋಗಲಿ ಅಂತ ಸೂಕ್ಷ್ಮ ತೂತುಗಳ ಡಯಾಲಿಸಿಸ್ ಚೀಲದಲ್ಲಿ ಕಟ್ಟಿ ಬಫರಿನಲ್ಲಿ ರಾತ್ರಿಯಿಡೀ ಬಿಡಬೇಕು. ಮೊದಲ ವರ್ಷ ನಾನು ಚೀಲವನ್ನು ಬಾಯಿತನಕ ತುಂಬಿ ಗಂಟು ಹಾಕಿದ್ದೆ. ಒಳಗೆ ಉಪ್ಪು ಜಾಸ್ತಿ ಇರುವುದರಿಂದ ನೀರು ನುಗ್ಗಿ ಚೀಲ ಊದುತ್ತದೆ ಅನ್ನುವುದು ಪಿಯುಸಿ ಪಾಠ. ಬೆಳಗ್ಗೆ ನೋಡಿದರೆ ಚೀಲ ಒಡೆದು ಎರಡು ವಾರದ ಕೆಲಸ ಎರಡು ಲೀಟರ್ ನೀರಲ್ಲಿ ಕರಗಿ ಹೋಗಿತ್ತು. ಯಾರೂ ಬೈಯಲಿಲ್ಲ. ಲ್ಯಾಬಿನಲ್ಲಿ ಎಲ್ಲರಿಗೂ ಒಂದೊಂದು ಸಲ ಹೀಗಾಗಿದೆಯಂತೆ.

ಆಮೇಲೆ ಕಾಲಂ, ಅದರಿಂದ ಇಳಿಯುವುದನ್ನು ಒಂದಾದ ಮೇಲೊಂದು ಟ್ಯೂಬಿನಲ್ಲಿ ಹಿಡಿಯುತ್ತೇವೆ. ಅದನ್ನು ಓಡಿಸುವುದು ಕೋಲ್ಡ್ ರೂಮಿನಲ್ಲಿ, 4 ಡಿಗ್ರಿ. ಮೇ ತಿಂಗಳು ಹೊರಗೆ 43 ಡಿಗ್ರಿ ಬಿಸಿಲು, ನಾನು ಬ್ಯಾಗಿನಲ್ಲಿ ಸ್ವೆಟರ್ ಮತ್ತು ಮಫ್ಲರ್ ಇಟ್ಟುಕೊಂಡು ಆಟೋ ಹತ್ತುತ್ತೇನೆ. ಒಂದು ಸಲ ಬ್ಯಾಗಿನಿಂದ ಸ್ವೆಟರ್ ಇಣುಕುವುದನ್ನು ನೋಡಿ ಆಟೋದವರು, ‘ಯಾಕವ್ವ, ಜ್ವರ ಬಂದಾವೇನು?’ ಅಂತ ಕೇಳಿದ್ದರು. ಹೌದು ಅಂದುಬಿಟ್ಟೆ, ವಿವರಿಸೋಕೆ ದಾರಿ ಸಾಲಲ್ಲ.

ನಮ್ಮ ಊರಿನ ಹವೆಗೂ ಈ ಕೆಲಸಕ್ಕೂ ಆಗಿಬರಲ್ಲ ಅನ್ನಿಸುತ್ತದೆ ಒಮ್ಮೊಮ್ಮೆ. ಪ್ರೊಟೀನುಗಳನ್ನು ಗಾತ್ರದ ಪ್ರಕಾರ ಸಾಲಾಗಿ ಬಿಡಿಸಿ ನೋಡಲು ಜೆಲ್ ಹಾಕುತ್ತೇವೆ. ಆಕ್ರಿಲಮೈಡ್ ದ್ರವಕ್ಕೆ ಕೊನೆಯಲ್ಲಿ ಟೆಮೆಡ್ ಹಾಕಿದರೆ ಅದು ಗಟ್ಟಿಯಾಗಬೇಕು, ಗಾಜಿನ ಎರಡು ಹಲಗೆಯ ನಡುವೆ ಸುರಿದ ಮೇಲೆ. ಬೇಸಿಗೆಯಲ್ಲಿ ಬಿಸಿಗೆ ಅದು ಬೀಕರಿನಲ್ಲೇ ಗಟ್ಟಿಯಾಗಿ ಕೂರುತ್ತದೆ. ಚಳಿಗಾಲದ ಬೆಳಗ್ಗೆ ನೋಡಿದರೆ ಜೆಲ್‌ಗೆ ಬೇಕಾದ ಸೋಪಿನಂಥ ಎಸ್‌ಡಿಎಸ್ ದ್ರಾವಣ ಬಾಟಲಿಯಲ್ಲಿ ತುಪ್ಪದ ಹಾಗೆ ಹೆಪ್ಪುಗಟ್ಟಿರುತ್ತೆ, ಬಿಸಿನೀರಲ್ಲಿಟ್ಟು ಕರಗಿಸಬೇಕು. ಟೆಮೆಡ್ ಕೆಟ್ಟ ಮೀನಿನ ವಾಸನೆ, ಸ್ಯಾಂಪಲ್ಲಿಗೆ ಹಾಕುವ ಮರ್ಕಾಪ್ಟೋಎಥನಾಲ್ ಕೊಳೆತ ಮೊಟ್ಟೆ ವಾಸನೆ. ಹಾಸ್ಟೆಲಿನ ರೂಮ್‌ಮೇಟ್ ಇತಿಹಾಸ ವಿಭಾಗದವಳು, ‘ಇವತ್ತು ಜೆಲ್ ಹಾಕಿದ್ಯಾ’ ಅಂತ ಬಾಗಿಲಲ್ಲೇ ಕೇಳುತ್ತಾಳೆ.

ಇನ್ನು ನಿಮ್ಮ ನಿಜವಾದ ಪ್ರಶ್ನೆ, ಎಐ. ಸುದ್ದಿ ಸುಳ್ಳಲ್ಲ. 2024ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಅರ್ಧ ಡೇವಿಡ್ ಬೇಕರ್‌ಗೆ, ಉಳಿದರ್ಧ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್‌ಗೆ ಬಂತು. ಬೇಕರ್ ಪ್ರಕೃತಿಯಲ್ಲಿ ಇಲ್ಲದ ಹೊಸ ಪ್ರೊಟೀನುಗಳನ್ನು ವಿನ್ಯಾಸ ಮಾಡಿದವರು. ಇನ್ನಿಬ್ಬರು ಆಲ್ಫಾಫೋಲ್ಡ್ ಮಾಡಿದವರು. ಪ್ರೊಟೀನ್ ಅಂದರೆ ಇಪ್ಪತ್ತು ಬಗೆಯ ಅಮೈನೋ ಆಮ್ಲಗಳ ಮಣಿಸರ, ಆ ಸರ ಹೇಗೆ ಮಡಚಿಕೊಂಡು ಯಾವ ಆಕಾರ ಪಡೆಯುತ್ತದೆ ಅನ್ನುವುದನ್ನು ಮಣಿಗಳ ಸಾಲು ನೋಡಿಯೇ ಇದು ಊಹಿಸುತ್ತದೆ. ಮೊದಲು ಇದಕ್ಕೆ ಎಷ್ಟು ಕಷ್ಟ ಇತ್ತು ಗೊತ್ತಾ? ಮ್ಯಾಕ್ಸ್ ಪೆರುಟ್ಜ್ ಹಿಮೋಗ್ಲೋಬಿನ್ ಹಿಂದೆ ಬಿದ್ದದ್ದು 1937ರಲ್ಲಿ, ಆಕಾರ ಕಂಡದ್ದು 1959ರಲ್ಲಿ. ಈಗ ಮಣಿಸಾಲನ್ನು ಬ್ರೌಸರಿನಲ್ಲಿ ಅಂಟಿಸಿ ಚಹಾ ಕುಡಿದು ಬಂದರೆ ಉತ್ತರ ಸಿದ್ಧ. ಆಲ್ಫಾಫೋಲ್ಡ್ ಭಂಡಾರದಲ್ಲಿ 2022ರ ಹೊತ್ತಿಗೇ 20 ಕೋಟಿಗೂ ಹೆಚ್ಚು ಪ್ರೊಟೀನುಗಳ ಊಹೆ ಇತ್ತು. ತೊಗರಿಯ ಜೀನೋಮನ್ನು, ಅಂದರೆ ಅದರ ಪೂರ್ತಿ ಡಿಎನ್ಎ ಬರಹವನ್ನು, ಹೈದರಾಬಾದ್ ಹತ್ತಿರದ ಪಟಾಂಚೆರುವಿನ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಮುಂದಾಳತ್ವದಲ್ಲಿ ಓದಿದ್ದಾರೆ, ಹಾಗಾಗಿ ನನ್ನ ಪ್ರೊಟೀನಿನ ಮಣಿಸಾಲೂ ಸಿಗುತ್ತೆ. ನಾನೂ ಅಂಟಿಸಿ ನೋಡಿದೆ. ಏಳೂ ಹೊಲಿಗೆ ಸರಿಯಾದ ಜಾಗದಲ್ಲಿ ತೋರಿಸಿತು. ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಆದರೆ ಕಂಪ್ಯೂಟರ್ ಇದನ್ನು ಎಲ್ಲಿಂದ ಕಲಿತದ್ದು? ಪ್ರೊಟೀನ್ ಡೇಟಾ ಬ್ಯಾಂಕ್ ಅಂತ ಒಂದಿದೆ, 1971ರಿಂದ. ಲ್ಯಾಬಿನಲ್ಲಿ ಪ್ರೊಟೀನ್ ಶುದ್ಧ ಮಾಡಿ, ಹರಳು ಮಾಡಿ, ಎಕ್ಸ್‌-ರೇ ಹಾಯಿಸಿ ಕಂಡುಹಿಡಿದ ಆಕಾರಗಳನ್ನು ಜಗತ್ತಿನವರೆಲ್ಲ ಅದರಲ್ಲಿ ಇಡುತ್ತಾ ಬಂದರು, ಈಗ ಎರಡು ಲಕ್ಷ ದಾಟಿದೆ. ಅದನ್ನೇ ಓದಿ ಆಲ್ಫಾಫೋಲ್ಡ್ ಜಾಣ ಆಯಿತು. ಚೀಲ ಒಡೆದುಕೊಂಡು ಅತ್ತವರ ಪಾಲೂ ಆ ನೊಬೆಲ್‌ನಲ್ಲಿದೆ ಅಂತ ನಾನು ಅಂದುಕೊಂಡಿದ್ದೇನೆ. ಅಷ್ಟೇ ಅಲ್ಲ, ಇವತ್ತಿಗೂ ಯಾವುದೇ ಆಕಾರ ಸರಿಯಿದೆಯಾ ಅಂತ ನೋಡಲು ರಾಮಚಂದ್ರನ್ ಪ್ಲಾಟ್ ಹಾಕುತ್ತಾರೆ, ಮಣಿಸರ ಯಾವ ಕೋನಗಳಲ್ಲಿ ತಿರುಗಬಹುದು ಅಂತ ತೋರಿಸುವ ನಕ್ಷೆ. ಜಿ.ಎನ್. ರಾಮಚಂದ್ರನ್ ಮತ್ತು ಜೊತೆಗಾರರು 1963ರಲ್ಲಿ ಮದ್ರಾಸಿನಲ್ಲಿ ಕೊಟ್ಟದ್ದು ಅದು. ಮುಂದೆ ಅವರು ಬೆಂಗಳೂರಿನ ಐಐಎಸ್‌ಸಿಗೆ ಬಂದು ಮಾಲಿಕ್ಯುಲರ್ ಬಯೋಫಿಸಿಕ್ಸ್ ಯೂನಿಟ್ ಕಟ್ಟಿದರು.

ಇನ್ನೊಂದು ಮಾತು. 2014ರಲ್ಲಿ ನೇಚರ್ ಪತ್ರಿಕೆ ಅತಿ ಹೆಚ್ಚು ಉಲ್ಲೇಖಗೊಂಡ 100 ಸಂಶೋಧನಾ ಲೇಖನಗಳ ಪಟ್ಟಿ ಹಾಕಿತ್ತು. ಮೊದಲ ಮೂರು ಯಾವುದು ಅಂದುಕೊಂಡಿರಿ? ಐನ್‌ಸ್ಟೈನ್ ಇಲ್ಲ, ಡಿಎನ್ಎ ಇಲ್ಲ. ಮೊದಲನೆಯದು ಪ್ರೊಟೀನ್ ಎಷ್ಟಿದೆ ಅಂತ ಅಳೆಯುವ ಲೌರಿಯ ವಿಧಾನ, 1951. ಎರಡನೆಯದು ಲೆಮ್ಲಿಯ ಜೆಲ್, 1970. ಮೂರನೆಯದು ಬ್ರಾಡ್‌ಫರ್ಡ್ ವಿಧಾನ, 1976, ಅದೂ ಪ್ರೊಟೀನ್ ಅಳೆಯುವುದೇ, ಬಟ್ಟೆಗೆ ಹಾಕುವ ಬಣ್ಣ ಬಳಸಿ. ಕಂದು ದ್ರವ ಪ್ರೊಟೀನ್ ಸಿಕ್ಕರೆ ನೀಲಿ ಆಗುತ್ತದೆ. ಈ ಮೂರೂ ನಾನು ವಾರಕ್ಕೆ ನಾಲ್ಕು ಸಲ ಮಾಡುವ ಕೆಲಸ. ನಿಮ್ಮ ತಂಗಿಯೂ ಮಾಡುತ್ತಾಳೆ.

ಕಂಪ್ಯೂಟರ್ ಏನು ಹೇಳಲ್ಲ ಅನ್ನುವುದಕ್ಕೆ ನನ್ನದೇ ಎರಡು ಕಥೆ.

ಒಂದು. ಕಂಪ್ಯೂಟರಿಗೆ ಕೊಟ್ಟ ಮಣಿಸಾಲಿನ ಲೆಕ್ಕದಲ್ಲಿ ನನ್ನದು 8,000 ಡಾಲ್ಟನ್ನಿನ ಒಂಟಿ ಪ್ರೊಟೀನ್. ಜೆಲ್ ಮೇಲೆ ನೋಡಿದರೆ ಪಟ್ಟಿ 16,000ದ ಹತ್ತಿರ ಬಂತು. ಎರಡು ಸಲ, ಮೂರು ಸಲ, ಅಲ್ಲೇ. ಬೇರೆ ಯಾವುದೋ ಪ್ರೊಟೀನ್ ಹಿಡಿದುಕೊಂಡು ಒಂದು ವರ್ಷ ಓಡಾಡಿದೆನಾ ಅಂತ ನಿದ್ದೆ ಹೋಗಿತ್ತು. ಗೈಡ್ ಒಂದು ಹಳೇ ಪೇಪರ್ ತೆಗೆದು ಮುಂದಿಟ್ಟರು. ಈ ಜಾತಿಯ ಪ್ರೊಟೀನುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಜೆಲ್ ಮೇಲೆ ಸುಳ್ಳು ತೂಕ ತೋರಿಸುತ್ತವೆ ಅನ್ನುವುದು ಹಳಬರಿಗೆ ಗೊತ್ತಿದ್ದ ವಿಷಯ. ಹೈದರಾಬಾದಿಗೆ ಸ್ಯಾಂಪಲ್ ಕಳಿಸಿ ಅಣುಗಳ ತೂಕ ನಿಖರವಾಗಿ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ನೋಡಿಸಿದ ಮೇಲೆ 8,000 ಚಿಲ್ಲರೆ ಬಂತು, ಅದೂ ಒಂದಲ್ಲ, ಸ್ವಲ್ಪ ಸ್ವಲ್ಪ ತೂಕ ಬೇರೆ ಇರುವ ಮೂರು ತಮ್ಮಂದಿರು. ನಾನು ಕಂಪ್ಯೂಟರಿಗೆ ಕೊಟ್ಟಿದ್ದು ಒಂದೇ ಮಣಿಸಾಲು, ಬೀಜದಲ್ಲಿ ಇದ್ದದ್ದು ಮೂರು. ಕೇಳದೇ ಇದ್ದದ್ದನ್ನು ಅದು ಹೇಗೆ ಹೇಳುತ್ತೆ?

ಎರಡನೆಯದು ಮಾನ ಹೋದ ಕಥೆ. ನಮ್ಮ ಪರೀಕ್ಷೆ ಸರಳ. ಟ್ರಿಪ್ಸಿನ್ ಜೊತೆ ಬಪ್ನಾ ಅನ್ನುವ ಪದಾರ್ಥ ಹಾಕಿದರೆ ಕತ್ತರಿ ಅದನ್ನು ಕತ್ತರಿಸಿ ಹಳದಿ ಬಣ್ಣ ಬರುತ್ತದೆ, ಅದನ್ನು ಸ್ಪೆಕ್ಟ್ರೋಫೋಟೋಮೀಟರಿನಲ್ಲಿ 410 ನ್ಯಾನೋಮೀಟರ್ ಬೆಳಕು ಹಾಯಿಸಿ ಅಳೆಯುತ್ತೇವೆ. ನನ್ನ ಪ್ರೊಟೀನ್ ಇದ್ದರೆ ಹಳದಿ ಬರಬಾರದು. ಒಂದು ಶನಿವಾರ ಸಂಜೆ ಮಾಡಿದೆ, ಒಂದೇ ಒಂದು ಟ್ಯೂಬಿನಲ್ಲೂ ಹಳದಿ ಇಲ್ಲ. ತೀರಾ ಕಡಿಮೆ ಹಾಕಿದ ಟ್ಯೂಬಿನಲ್ಲೂ ಇಲ್ಲ! ಇಷ್ಟು ಜೋರಾದ ಇನ್ಹಿಬಿಟರ್ ಯಾರೂ ಕಂಡಿಲ್ಲ ಅಂತ ಕುಣಿದೆ, ಅಪ್ಪನಿಗೆ ಫೋನ್ ಮಾಡಿದೆ, ಸೂಪರ್ ಮಾರ್ಕೆಟ್ಟಿಗೆ ಹೋಗಿ ಎಲ್ಲರಿಗೂ ಕುಲ್ಫಿ ಕೊಡಿಸಿದೆ. ಸೋಮವಾರದ ಮೀಟಿಂಗಿನಲ್ಲಿ ಗೈಡ್ ಕೇಳಿದ್ದು ಒಂದೇ, ‘ಕಂಟ್ರೋಲ್ ಎಲ್ಲಿದೆ?’ ಬರೀ ಟ್ರಿಪ್ಸಿನ್ ಮತ್ತು ಬಪ್ನಾ ಇರುವ ಟ್ಯೂಬು, ಅದನ್ನು ಅವಸರದಲ್ಲಿ ಬಿಟ್ಟಿದ್ದೆ. ಹಾಕಿ ನೋಡಿದರೆ ಅದರಲ್ಲೂ ಹಳದಿ ಇಲ್ಲ. ಟ್ರಿಪ್ಸಿನ್ನೇ ಸತ್ತಿತ್ತು. ಟ್ರಿಪ್ಸಿನ್ನನ್ನು ತೆಳು ಆಮ್ಲದಲ್ಲಿ ಇಡಬೇಕು, ಮಾಮೂಲಿ ಬಫರಿನಲ್ಲಿ ಇಟ್ಟರೆ ಅದು ತನ್ನನ್ನು ತಾನೇ ಕತ್ತರಿಸಿಕೊಂಡು ತಿಂದುಬಿಡುತ್ತದೆ. ಹೊಸ ಹುಡುಗ ಮಾಮೂಲಿ ಬಫರಿನಲ್ಲಿ ಮಾಡಿಟ್ಟಿದ್ದ, ನಾನು ನೋಡಿರಲಿಲ್ಲ. ಈಗಲೂ ಲ್ಯಾಬಿನಲ್ಲಿ ಯಾರಾದರೂ ಬೇಗ ಖುಷಿಪಟ್ಟರೆ ‘ಕುಲ್ಫಿ ತರ್ಸಲ್ಯಾ?’ ಅಂತಾರೆ.

ಇನ್ನು ಇದೆಲ್ಲ ಯಾಕೆ ಬೇಕು ಅನ್ನುವುದು. ಕಲಬುರಗಿ ತೊಗರಿಯ ಕಣಜ ಅಂತ ನಿಮಗೆ ಹೇಳಬೇಕಿಲ್ಲ, 2019ರಲ್ಲಿ ಇಲ್ಲಿನ ಬೇಳೆಗೆ ಜಿಐ ಟ್ಯಾಗ್ ಕೂಡ ಸಿಕ್ಕಿತು. ಅದಕ್ಕೆ ದೊಡ್ಡ ವೈರಿ ಕಾಯಿಕೊರಕ, ಹೆಲಿಕೋವರ್ಪಾ. ನಾನು ಸಣ್ಣವಳಿದ್ದಾಗ ಹೆಂಗಸರು ಸಾಲಿನಲ್ಲಿ ಗಿಡ ಅಲುಗಾಡಿಸಿ ಕೆಳಗೆ ಹಾಸಿದ ಬಟ್ಟೆ ಮೇಲೆ ಕೀಡಿ ಉದುರಿಸುತ್ತಿದ್ದರು. ಈಗ ಎಣ್ಣೆ ಹೊಡೆಯುವುದೇ ಜಾಸ್ತಿ. ತೊಗರಿಯ ಬೆಣೆ ಈ ಹುಳದ ಹೊಟ್ಟೆಯ ಕತ್ತರಿಯನ್ನೂ ನಿಲ್ಲಿಸುತ್ತದಾ ನೋಡಬೇಕಲ್ಲ, ಅದಕ್ಕೆ ದೀಪಾವಳಿ ಮುಗಿದು ಹೂವು ಕಾಯಿ ಕಟ್ಟುವ ಹೊತ್ತಿಗೆ ನಾನೇ ಅಪ್ಪನ ಹೊಲಕ್ಕೆ ಹೋಗಿ ಹುಳ ಆರಿಸುತ್ತೇನೆ. ಅಪ್ಪ ಬದುವಿನ ಮೇಲೆ ನಿಂತು ನೋಡಿ, ‘ಯವ್ವಾ, ಇದನ್ನ ಸಾಯಿಸ್ಲಕ್ಕ ವರ್ಷಾ ರೊಕ್ಕಾ ಸುರೀತೀನಿ, ನೀ ನೋಡಿದ್ರ ಡಬ್ಬ್ಯಾಗ ಹಾಕಿ ಸಾಕ್ಲಕತ್ತಿ’ ಅಂದರು. ಸಾಕುವುದೂ ಸುಲಭ ಇಲ್ಲ. ಮೊದಲ ರಾತ್ರಿ ನಾಲ್ಕನ್ನು ಒಂದೇ ಡಬ್ಬಿಯಲ್ಲಿ ಬಿಟ್ಟೆ, ಬೆಳಗ್ಗೆ ದಪ್ಪಗಿರುವ ಒಂದು ಉಳಿದಿತ್ತು. ಒಂದನ್ನೊಂದು ತಿನ್ನುವ ಜಾತಿ. ಒಂದೊಂದಕ್ಕೆ ಒಂದೊಂದು ಪ್ಲಾಸ್ಟಿಕ್ ಲೋಟ, ಕಡಲೆ ಹಿಟ್ಟಿನ ಊಟ.

ಫಲಿತಾಂಶ ಏನು ಅಂದ್ರೆ, ತೊಗರಿಯ ಬೆಣೆಗೆ ಈ ಹುಳ ಅಷ್ಟಾಗಿ ಹೆದರಲ್ಲ. ತಲೆಮಾರುಗಳಿಂದ ತೊಗರಿ ತಿಂದೇ ಬದುಕಿದ್ದು, ಬೆಣೆ ಸಿಕ್ಕಿದರೆ ಬೇರೆ ತರದ ಕತ್ತರಿ ತಯಾರಿಸಿಕೊಳ್ಳುತ್ತದೆ. ಇದು ನನ್ನ ಶೋಧ ಏನಲ್ಲ, ಹೆಲಿಕೋವರ್ಪಾ ಮೇಲೆ ಕೆಲಸ ಮಾಡಿದವರು ಮೊದಲೇ ಬರೆದಿದ್ದಾರೆ. ಅದಕ್ಕೇ ಈಗ ತೊಗರಿಯ ಕಾಡು ಸಂಬಂಧಿಗಳ ಬೀಜದತ್ತ ಹಲವರ ಕಣ್ಣಿದೆ, ಹುಳಕ್ಕೆ ಅಭ್ಯಾಸ ಇಲ್ಲದ ಬೆಣೆ ಅಲ್ಲಿ ಸಿಗಬಹುದು ಅಂತ. ಈಗ ಕಾಲಂ ಮೇಲೆ ಇರುವುದೂ ಅಂಥದ್ದೇ ಒಂದು. ಯಾವ ಬೆಣೆ ಯಾವ ಕತ್ತರಿಗೆ ಕೂರಬಹುದು ಅಂತ ಆಲ್ಫಾಫೋಲ್ಡ್ ಹತ್ತು ಊಹೆ ಕೊಡುತ್ತೆ, ಮೊದಲಾದರೆ ಸುಮ್ನೆ ನೂರು ಮಾಡಿ ನೋಡಬೇಕಿತ್ತು, ಅಷ್ಟು ಉಪಕಾರ ಒಪ್ಪುತ್ತೇನೆ. ಆ ಹತ್ತನ್ನು ಹುಳದ ಕರುಳಿನ ರಸದಲ್ಲಿ ಹಾಕಿ ನೋಡುವ ಕೈ ಬೇಕೇ ಬೇಕು.

(ಅವ್ವ ಈ ಕಥೆ ಕೇಳಿ, ‘ಹಂಗಾರ ಬ್ಯಾಳಿ ತಿಂದೋರಿಗೆ ಹೊಟ್ಟಿ ನೋಯ್ಬೇಕಲ್ಲ?’ ಅಂದಳು. ಒಳ್ಳೇ ಪ್ರಶ್ನೆ. ನೆನೆಸಿ ಕುಕ್ಕರಿನಲ್ಲಿ ಚೆನ್ನಾಗಿ ಬೇಯಿಸಿದರೆ ಬಹುಪಾಲು ಹೋಗುತ್ತದೆ, ಹೆದರಬೇಡಿ.)

ದುಡ್ಡಿನ ವಿಷಯ ಮನೆಯವರು ಕೇಳಿಯೇ ಕೇಳುತ್ತಾರೆ. ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ಆದರೆ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ಮೇಲೆ ಎಸ್‌ಆರ್‌ಎಫ್ (ಸೀನಿಯರ್) ಆದರೆ 42,000, ಜೊತೆಗೆ ಮನೆ ಬಾಡಿಗೆ ಭತ್ಯೆ. 2023ರ ಜನವರಿಯಿಂದ ಈ ದರ ಇದೆ. ಅದು ಇದ್ದರೆ ಮನೆಯಲ್ಲಿ ಬಾಯಿ ಮುಚ್ಚಿಸಬಹುದು. ಇಲ್ಲದಿದ್ದರೆ ಕಷ್ಟ, ನಾನು ಮೊದಲ ಎರಡು ವರ್ಷ ಸಂಜೆ ಪಿಯುಸಿ ಮಕ್ಕಳಿಗೆ ಟ್ಯೂಷನ್ ಹೇಳಿದೆ. ಹಾಗಾಗಿ ಸೇರುವ ಮೊದಲು ನೆಟ್ ಬರೆಯಲಿ, ಸೇರಿದ ಮೇಲೆ ಓದಲು ಹೊತ್ತು ಸಿಗಲ್ಲ. ಬಿ.ಎಡ್ ಕೀಳು ಅಂತ ನಾನು ಹೇಳಲ್ಲ, ನನ್ನ ಜೊತೆ ಎಂ.ಎಸ್ಸಿ ಮಾಡಿದ ಇಬ್ಬರು ಈಗ ಹೈಸ್ಕೂಲಿನಲ್ಲಿ ಆರಾಮಾಗಿದ್ದಾರೆ, ನನಗಿಂತ ಚೆನ್ನಾಗಿ ನಿದ್ದೆ ಮಾಡ್ತಾರೆ.

ಒಂದು ಮಾತ್ರ ಮಾಡಿ. ಸಹಿ ಹಾಕುವ ಮೊದಲು ತಂಗಿ ಆ ಲ್ಯಾಬಿಗೆ ಹೋಗಿ ಒಂದು ದಿನ ಸುಮ್ನೆ ಕೂರಲಿ. ಗೈಡ್ ಹತ್ತಿರ ಅಲ್ಲ, ಹಳೇ ವಿದ್ಯಾರ್ಥಿಗಳ ಹತ್ತಿರ ಕೇಳಲಿ: ಕರೆಂಟ್ ಹೋದರೆ ಫ್ರೀಜರಿಗೆ ಜನರೇಟರ್ ಇದೆಯಾ, ಕೆಮಿಕಲ್ ಬರಲು ಎಷ್ಟು ತಿಂಗಳು ಹಿಡಿಯುತ್ತೆ, ಹಾಸ್ಟೆಲ್ ಬಾಗಿಲು ಎಷ್ಟಕ್ಕೆ ಹಾಕ್ತಾರೆ. ಕೊನೆಯದು ಸಣ್ಣದು ಅನ್ನಿಸಬಹುದು. ಕಾಲಂ ಎಂಟು ಗಂಟೆಗೆ ಮುಗಿಯುತ್ತೇನೆ ಅಂತ ಒಪ್ಪಿಕೊಂಡಿರಲ್ಲ, ನಮ್ಮ ವಾರ್ಡನ್ ಮಾತ್ರ ಎಂಟೂವರೆಗೆ ಬೀಗ ಹಾಕಿಯೇ ಹಾಕುತ್ತಾರೆ. ಎರಡು ಸಲ ನಾನು ಅರ್ಧ ಓಡಿದ ಕಾಲಂ ನಿಲ್ಲಿಸಿ ಓಡಿದ್ದೇನೆ, ಒಂದು ಸಲ ಪೂರ್ತಿ ಹಾಳಾಯಿತು. ಈಗ ನಾವು ಹುಡುಗಿಯರು ಸೇರಿ ವಿಭಾಗದಿಂದ ಒಂದು ಪತ್ರ ಬರೆಸಿಕೊಂಡು ವಾರಕ್ಕೆ ಎರಡು ದಿನ ಹತ್ತರ ತನಕ ಅನುಮತಿ ತಗೊಂಡಿದ್ದೇವೆ. ಇವತ್ತು ಅಂಥ ಒಂದು ದಿನ. 34ನೇ ಟ್ಯೂಬು ತುಂಬುವ ಹೊತ್ತಾಯಿತು, ಸ್ವೆಟರ್ ಹಾಕಿಕೊಂಡು ಒಳಗೆ ಹೋಗಬೇಕು. ತಂಗಿಗೆ ಏನಾದರೂ ಕೇಳಬೇಕಿದ್ದರೆ ಇಲ್ಲೇ ಕೆಳಗೆ ಬರೆಯಲಿ, ನಾಳೆ ನೋಡ್ತೀನಿ.